ರಕ್ತಕ್ಕೆ ಹಸಿರು ಬಳಿದರೆ ಸಾಲದು

ರಾಜ್ಯದ ಎವಿಜಿಸಿ-ಎಕ್ಸ್‌ಆರ್ (ಅನಿಮೇಷನ್, ವಿಷುವಲ್ ಎಫೆಕ್ಟ್ಸ್, ಗೇಮಿಂಗ್, ಕಾಮಿಕ್ಸ್, ಎಕ್ಸ್‌ಟೆಂಡೆಡ್ ರಿಯಾಲಿಟಿ) ನೀತಿಯ ಹೊಣೆ ಹೊತ್ತವರಿಗೆ, ಪಿಯು ಮತ್ತು ಪದವಿ ತರಗತಿಗಳ ಪಠ್ಯ ತೀರ್ಮಾನಿಸುವವರಿಗೆ, ಕನ್ನಡದಲ್ಲಿ ಗೇಮ್ ಕಟ್ಟಲು ಹೊರಟವರಿಗೆ ಒಂದು ಬಹಿರಂಗ ಪತ್ರ

ವಿಷಯ: ಗೇಮ್‌ಗಳಲ್ಲಿನ ಹಿಂಸೆಯನ್ನು ಅವುಗಳ ನಿಯಮ ನೋಡಿ ಅಳೆಯುವ ಕುರಿತು

ಮಾನ್ಯರೇ,

2020ರ ಸೆಪ್ಟೆಂಬರ್ 2ರಂದು ಪಬ್‌ಜಿ ಮೊಬೈಲ್‌ಗೆ ಈ ದೇಶದಲ್ಲಿ ಬೀಗ ಬಿತ್ತು. ಕಾರಣ ಹಿಂಸೆಯಲ್ಲ, ಬಳಕೆದಾರರ ಮಾಹಿತಿ ಎಲ್ಲಿಗೆ ಹೋಗುತ್ತಿದೆ ಎಂಬ ಆತಂಕ. ಮರುವರ್ಷ ಜುಲೈನಲ್ಲಿ ಅದೇ ಆಟ ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಆಗಿ ಮರಳಿದಾಗ, ಹೊಡೆದಾಟದ ಬಗ್ಗೆ ಗೊಣಗುತ್ತಿದ್ದ ಪೋಷಕರಿಗೂ ಒಂದಿಷ್ಟು ಸಮಾಧಾನ ಹೇಳುವ ಪ್ರಯತ್ನ ಅದರಲ್ಲಿತ್ತು. ಗುಂಡು ತಗುಲಿದ ಮೈಯಿಂದ ಕೆಂಪಿನ ಬದಲು ಹಸಿರು ಚಿಮ್ಮಿತು. ‘ಕಿಲ್’ ಹೋಗಿ ‘ಫಿನಿಶ್’ ಬಂತು. 18 ತುಂಬದವರಿಗೆ ದಿನಕ್ಕೆ 3 ಗಂಟೆಯ ಮಿತಿ ಬಂತು. ಸಮಯದ ಮಿತಿಗೆ ನಮ್ಮ ತಕರಾರಿಲ್ಲ, ಅದು ನಿದ್ದೆಗೂ ಪರೀಕ್ಷೆಗೂ ಸಂಬಂಧಿಸಿದ್ದು. ಹಸಿರು ರಕ್ತದ ಉಪಯೋಗ ಮಾತ್ರ ನಮಗೆ ಇಂದಿಗೂ ತಿಳಿದಿಲ್ಲ. ನೂರು ಜನ ಬರಿಗೈಲಿ ಒಂದು ದ್ವೀಪಕ್ಕೆ ಇಳಿಯುತ್ತಾರೆ, ಕಡೆಗೆ ಉಸಿರಾಡುತ್ತಿರುವವನೇ ಗೆದ್ದವನು ಎಂಬ ನಿಯಮ ಕೂದಲೆಳೆಯಷ್ಟೂ ಕದಲಿಲ್ಲ. ರಕ್ತ ನೇರಳೆಯಾದರೂ ಆಡುವವನು ಮಾಡುವುದು ಅದನ್ನೇ: ಪೊದೆಯಲ್ಲಿ ಮಲಗಿ ಕಾಯುವುದು, ತಲೆ ಕಂಡರೆ ಹೊಡೆಯುವುದು, ಸತ್ತವನ ಪೆಟ್ಟಿಗೆ ತೆರೆದು ಬ್ಯಾಂಡೇಜು ದೋಚುವುದು.

ಇದಕ್ಕೆ ಎದುರಾಗಿ ನಮ್ಮ ಜಗಲಿಯ ಮೇಲಿನ ಚೌಕಾಬಾರ ನೋಡಿ. ಇಪ್ಪತ್ತೈದು ಮನೆ, ನಾಲ್ಕು ಕವಡೆ, ಕಾಯಿಗೆ ಹುಣಸೆಬೀಜವೋ ಬಳೆಚೂರೋ. ರಕ್ತದ ಸುಳಿವೇ ಇಲ್ಲ. ಆದರೂ ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ಕಾಲಿಡುವಂತಿಲ್ಲ, ಕಡಿದವನಿಗೆ ಬಹುಮಾನವಾಗಿ ಇನ್ನೊಂದು ಸಲ ಕವಡೆ. ಮೊಮ್ಮಗಳ ಕಾಯಿ ಹಣ್ಣಾಗಲು ಎರಡೇ ಮನೆ ಬಾಕಿ ಇದ್ದಾಗ ಅಜ್ಜಿ ಅದನ್ನು ನಿರ್ದಾಕ್ಷಿಣ್ಯವಾಗಿ ಕಡಿಯುವುದು ಈ ನಿಯಮದಿಂದಲೇ. ಹುಲಿ-ಕುರಿ ಆಟದ ಲೆಕ್ಕ ಬೇರೆ. ಮೂರು ಹುಲಿ, ಹದಿನೈದು ಕುರಿ. ಹುಲಿ ಹಾರಿ ತಿನ್ನಬಹುದು, ಕುರಿ ಯಾರನ್ನೂ ಕೊಲ್ಲಲಾರದು. ಹುಲಿಗೆ ಹೆಜ್ಜೆ ಇಡಲು ಜಾಗವಿಲ್ಲದಂತೆ ಸುತ್ತುಗಟ್ಟುವುದೇ ಕುರಿಯ ಗೆಲುವು. ಒಂದೇ ಹಾಸಿನ ಮೇಲೆ ಬಲದ ಬಗ್ಗೆ ಎರಡು ತದ್ವಿರುದ್ಧ ಯೋಚನೆ. ಕಡೆ ಬದಲಿಸಿ ಕೂತರೆ ಕೈಯೂ ಬೇರೆ ಥರ ಯೋಚಿಸತೊಡಗುತ್ತದೆ.

ಆಟದ ಅಭಿಪ್ರಾಯ ಇರುವುದು ಅದರ ಕಿರ್ದಿ ಪುಸ್ತಕದಲ್ಲಿ. ಯಾವುದನ್ನು ಜಮೆಗೆ ಬರೆಯುತ್ತದೆ, ಯಾವುದನ್ನು ಖರ್ಚಿಗೆ ಹಾಕುತ್ತದೆ, ಯಾವುದನ್ನು ಬರೆಯುವುದೇ ಇಲ್ಲ ಎಂದು ನೋಡಿದರೆ ಸಾಕು. ಆಡುವವನು ಹಿಂಸೆಯ ಬಗ್ಗೆ ಎರಡನೇ ಸಲ ಯೋಚಿಸುವಂತೆ ಮಾಡಿದ ಗೇಮ್‌ಗಳೆಲ್ಲ ಈ ಪುಸ್ತಕವನ್ನು ತಿದ್ದಿದವು. ಈ ಪತ್ರ ಆ ತಿದ್ದುವಿಕೆಯ ಬಗ್ಗೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ (ಎಪಿಎ) 2020ರಲ್ಲಿ ತನ್ನ ಹಳೆಯ ನಿರ್ಣಯವನ್ನು ಪರಿಷ್ಕರಿಸಿತು. ಹಿಂಸೆಯ ಗೇಮ್‌ಗಳಿಗೂ ಕೂಗಾಟ, ತಳ್ಳಾಟದಂಥ ಸಣ್ಣಪುಟ್ಟ ಆಕ್ರಮಣಕ್ಕೂ ನಂಟು ಕಾಣುತ್ತದೆ, ಆದರೆ ನಿಜವಾದ ಹಿಂಸಾಚಾರಕ್ಕೆ ಅವೇ ಕಾರಣ ಎನ್ನಲು ಸಾಕಷ್ಟು ಪುರಾವೆಯಿಲ್ಲ ಎಂದಿತು. ಗೇಮ್ ಆಡಿ ಹುಡುಗರು ಕೊಲೆಗಾರರಾಗುವುದಿಲ್ಲ ಎಂದು ವಾದಿಸುವ ನಾವೇ, ಗೇಮ್ ಆಡಿ ಅವರು ಗಾಂಧಿಯಾಗುತ್ತಾರೆ ಎಂದರೆ ನಗೆಪಾಟಲು. ನಾವು ಹೇಳುವುದು ಅದಕ್ಕಿಂತ ಚಿಕ್ಕದು. 2014ರಲ್ಲಿ ಬಫಲೋ ವಿಶ್ವವಿದ್ಯಾಲಯದ ಸಂಶೋಧಕರು ಮುಂದೆ ನಿಂತು ನಡೆಸಿದ ಅಧ್ಯಯನವೊಂದರಲ್ಲಿ, ಗೇಮಿನೊಳಗೆ ಭಯೋತ್ಪಾದಕನ ಪಾತ್ರ ವಹಿಸಿದವರಿಗೆ ತಪ್ಪಿತಸ್ಥ ಭಾವ ಹುಟ್ಟಿತು, ತಾವು ಮುರಿದ ನೈತಿಕ ಕಟ್ಟುಪಾಡಿನ ಬಗ್ಗೆಯೇ ಅವರು ಹೆಚ್ಚು ಸೂಕ್ಷ್ಮವಾದರು. ಅದೇ ಜಾಡು ಹಿಡಿದು 2017ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ, ಒಂದೇ ಗೇಮನ್ನು ಮತ್ತೆ ಮತ್ತೆ ಆಡಿಸಿದಾಗ ಆ ತಪ್ಪಿತಸ್ಥ ಭಾವ ಸವೆದುಹೋಯಿತು. ಎರಡನ್ನೂ ಒಟ್ಟಿಗೆ ಓದಬೇಕು. ಗೇಮ್ ಮನಸ್ಸನ್ನು ಕಲಕಬಲ್ಲದು, ಆದರೆ ಅದಕ್ಕೆ ಸಿಗುವುದು ಒಂದೋ ಎರಡೋ ಅವಕಾಶ.

ಆ ಅವಕಾಶವನ್ನು ಚೆನ್ನಾಗಿ ಬಳಸಿಕೊಂಡದ್ದು ‘ದಿಸ್ ವಾರ್ ಆಫ್ ಮೈನ್’. ಪೋಲೆಂಡ್‌ನ ವಾರ್ಸಾದಲ್ಲಿರುವ 11 ಬಿಟ್ ಸ್ಟುಡಿಯೋಸ್ 2014ರ ನವೆಂಬರ್‌ನಲ್ಲಿ ಹೊರತಂದ ಆಟ. ಪೊಗೊರೆನ್ ಎಂಬ ಕಲ್ಪಿತ ನಗರದಲ್ಲಿ ನಡೆಯುತ್ತದೆ, ಅದರ ಹಿಂದಿರುವುದು 1992ರಿಂದ 96ರವರೆಗೆ ಸರಾಯೆವೊ ಅನುಭವಿಸಿದ ಮುತ್ತಿಗೆ. ಯುದ್ಧದ ಆಟ ಹೌದು, ಆಡುವವನು ಸೈನಿಕನಲ್ಲ. ಪಾಳುಬಿದ್ದ ಮನೆಯೊಂದರಲ್ಲಿ ಸೇರಿಕೊಂಡ ಮೂರು-ನಾಲ್ಕು ಸಾಮಾನ್ಯ ಜನರನ್ನು ಅವನು ನೋಡಿಕೊಳ್ಳಬೇಕು. ಹಗಲು ಹೊರಗೆ ಮರೆಯಲ್ಲಿ ಕೂತು ಗುಂಡು ಹೊಡೆಯುವ ಸ್ನೈಪರ್‌ಗಳ ಕಾಟ, ಆದ್ದರಿಂದ ಒಲೆ ಕಟ್ಟುವುದು, ಮಳೆನೀರು ಸೋಸುವುದು, ಅಡುಗೆ, ನಿದ್ದೆ. ರಾತ್ರಿಯಾದರೆ ಒಬ್ಬರು ಹೊರಗೆ ಹೋಗಿ ಏನಾದರೂ ತರಬೇಕು. ಚೀಲದಲ್ಲಿ ಇಷ್ಟೇ ಖಾನೆ ಎಂಬ ಮಿತಿಯಿದೆ, ಆ ಮಿತಿ ಆಳಿಂದಾಳಿಗೆ ಬೇರೆ. ಔಷಧಿ ತುಂಬಿಕೊಂಡರೆ ಸೌದೆಗೆ ಜಾಗವಿಲ್ಲ.

ಆ ನಗರದಲ್ಲಿ ‘ಕ್ವಯೆಟ್ ಹೌಸ್’ ಎಂಬ ಮನೆಯೊಂದಿದೆ. ಅಲ್ಲಿ ವಯಸ್ಸಾದ ಗಂಡಹೆಂಡಿರು. ಕಪಾಟಿನಲ್ಲಿ ಊಟವಿದೆ, ಔಷಧಿಯಿದೆ, ಕಾವಲಿಲ್ಲ. ಮುದುಕ ಹೊಡೆಯಲು ಬರುವುದಿಲ್ಲ. ನೀವು ಕೋಣೆಯಿಂದ ಕೋಣೆಗೆ ಹೋದಂತೆ ಬೇಡಿಕೊಳ್ಳುತ್ತ ಹಿಂದೆಯೇ ಬರುತ್ತಾನೆ, ಅಷ್ಟೆ. ಆಟ ನಿಮ್ಮನ್ನು ತಡೆಯುವುದಿಲ್ಲ, ಬಯ್ಯುವುದಿಲ್ಲ. ಈ ವಸ್ತು ಬೇರೆಯವರದು ಎಂದು ಚೀಲದ ಪರದೆಯಲ್ಲಿ ಗುರುತು ತೋರಿಸಿ ಸುಮ್ಮನಾಗುತ್ತದೆ. ಎಲ್ಲವನ್ನೂ ಹೊತ್ತು ಬನ್ನಿ, ಮನೆಯಲ್ಲಿ ಅಂದು ಹೊಟ್ಟೆ ತುಂಬುತ್ತದೆ. ಆದರೆ ಕದ್ದು ತಂದವನ ಹೆಸರಿನ ಪಕ್ಕದಲ್ಲಿ ಬೇಸರದ ಪದವೊಂದು ಕಾಣಿಸಿಕೊಳ್ಳುತ್ತದೆ. ಅದು ಖಿನ್ನತೆಗೆ ಇಳಿಯುತ್ತದೆ, ಇನ್ನೂ ಕೆಳಗೆ ಹೋದರೆ ಅವನು ಕುಸಿದು ಕೂರುತ್ತಾನೆ. ಕುಸಿದವನು ನಿಮ್ಮ ಕ್ಲಿಕ್ಕಿಗೆ ಏಳುವುದಿಲ್ಲ. ಒಲೆಗೆ ಸೌದೆ ಹಾಕು ಎಂದರೆ ಹಾಕುವುದಿಲ್ಲ. ಅವನನ್ನು ಸಂತೈಸಲು ಇನ್ನೊಬ್ಬರ ಹೊತ್ತು ಹೋಗುತ್ತದೆ. ಕೆಲವು ದಿನ ಬಿಟ್ಟು ಆ ಮನೆಗೆ ಮತ್ತೆ ಹೋದರೆ ಇಬ್ಬರೂ ಸತ್ತು ಬಿದ್ದಿರುತ್ತಾರೆ.

ಇಲ್ಲಿ ವಿನ್ಯಾಸದ ಜಾಣ್ಮೆ ಎಲ್ಲಿದೆ ಎಂದರೆ, ಪರದೆಯ ಮೇಲೆ ‘ಪಾಪ-ಪುಣ್ಯ’ದ ಮಾಪಕ ಎಲ್ಲೂ ಇಲ್ಲ. ತಪ್ಪಿನ ಬೆಲೆಯನ್ನು ಆಟ ಕೆಲಸದ ಗಂಟೆಗಳಲ್ಲಿ ವಸೂಲಿ ಮಾಡುತ್ತದೆ. ಆಟ ಎಲ್ಲಿಗೆ ಬಂತೆಂದು ಉಳಿಸಿಡುವ ‘ಸೇವ್’ ಆಗುವುದು ರಾತ್ರಿ ಕಳೆದು ಹೊಸ ದಿನ ಶುರುವಾದಾಗ, ಅದೂ ತಾನಾಗಿ. ಗುಂಡು ಹಾರಿಸುವ ಮುಂಚೆ ಸೇವ್ ಮಾಡಿಕೊಂಡು, ಸರಿಬರದಿದ್ದರೆ ಹಿಂದಕ್ಕೆ ಹೋಗುವ ಶೂಟರ್ ಆಟಗಳ ಚಾಳಿ ಇಲ್ಲಿ ನಡೆಯದು. ಸೇವ್ ಮಾಡುವ ಸ್ವಾತಂತ್ರ್ಯ ಕಿತ್ತುಕೊಂಡರೆ ಹಿಂಸೆಯ ಅರ್ಧ ಸಲೀಸುತನ ಹೋಗುತ್ತದೆ. ಹೊಸದಾಗಿ ಗೇಮ್ ಕಟ್ಟುವವರು ಮೊದಲು ಕಲಿಯಬೇಕಾದ್ದು ಇದನ್ನೇ. ಕಲೆಗಾರ ಬೇಕಿಲ್ಲ, ಹಣ ಬೇಕಿಲ್ಲ, ಒಂದು ಬಟನ್ ತೆಗೆದರಾಯಿತು.

ದೋಷವೂ ಇದೆ. ಇಪ್ಪತ್ತು ಗಂಟೆ ಆಡಿದವನಿಗೆ ಯಾರನ್ನು ದೋಚಿದರೆ ಮನಸ್ಸು ಕೆಡುವುದಿಲ್ಲ ಎಂಬ ಪಟ್ಟಿ ಬಾಯಿಪಾಠವಾಗಿರುತ್ತದೆ. ಡಕಾಯಿತರನ್ನು ಕೊಂದರೆ ಪಾತ್ರಗಳಿಗೆ ಏನೂ ಅನಿಸುವುದಿಲ್ಲ. ದುಃಖಕ್ಕೆ ಕಾಫಿಯೋ ಸಿಗರೇಟೋ ಪುಸ್ತಕವೋ ಮದ್ದು. ಆಗ ತಪ್ಪಿತಸ್ಥ ಭಾವವೂ ಸೌದೆ, ನೀರಿನ ಹಾಗೆ ಒಂದು ಸಾಮಗ್ರಿಯಾಗಿಬಿಡುತ್ತದೆ. ಮುದುಕನ ಔಷಧಿಗೆ ಎರಡು ಲೋಟ ಕಾಫಿ, ಲೆಕ್ಕ ಚುಕ್ತಾ.

ಹಾಗಿದ್ದೂ 2020ರ ಜೂನ್‌ನಲ್ಲಿ ಪೋಲೆಂಡ್‌ನ ಆಗಿನ ಪ್ರಧಾನಿ ಮಟೆಯುಶ್ ಮೊರಾವಿಯೆಟ್ಸ್ಕಿ ಈ ಆಟವನ್ನು ಶಾಲೆಗಳ ಶಿಫಾರಸು ಪಟ್ಟಿಗೆ ಸೇರಿಸುವುದಾಗಿ ಪ್ರಕಟಿಸಿದರು. ಸಮಾಜಶಾಸ್ತ್ರ, ನೀತಿಶಾಸ್ತ್ರ, ತತ್ವಶಾಸ್ತ್ರ, ಇತಿಹಾಸ ಓದುವ, 18 ತುಂಬಿದ ವಿದ್ಯಾರ್ಥಿಗಳಿಗೆ, ಉಚಿತವಾಗಿ. ಕಡ್ಡಾಯ ಪಠ್ಯವಲ್ಲ, ಪೂರಕ. ನಾವು ಇಲ್ಲಿ ಕೇಳುತ್ತಿರುವುದೂ ಅಷ್ಟೇ.

ಇಷ್ಟು ದೊಡ್ಡ ಆಟ ಕಟ್ಟಲು ನಮಗೆಲ್ಲಿ ಸಾಧ್ಯ ಎನ್ನುವವರಿಗೆ ಇದಕ್ಕಿಂತ ಹನ್ನೊಂದು ವರ್ಷ ಹಳೆಯ, ಒಂದೇ ಪರದೆಯ ಆಟವೊಂದಿದೆ. 2003ರಲ್ಲಿ ಉರುಗ್ವೆಯ ಗೊನ್ಸಾಲೊ ಫ್ರಾಸ್ಕಾ ಮಾಡಿದ ‘ಸೆಪ್ಟೆಂಬರ್ 12’. ಮೇಲಿನಿಂದ ನೋಡಿದ ಮಧ್ಯಪ್ರಾಚ್ಯದ ಒಂದು ಪೇಟೆ. ಊರವರು ಓಡಾಡುತ್ತಾರೆ, ನಡುನಡುವೆ ಬಂದೂಕು ಹಿಡಿದವರು. ನಿಮ್ಮ ಕೈಯಲ್ಲಿರುವುದು ಗುರಿಯ ವೃತ್ತ ಮಾತ್ರ. ಕ್ಲಿಕ್ ಮಾಡಿದರೆ ಕ್ಷಿಪಣಿ ಬರುತ್ತದೆ, ಆದರೆ ಒಂದು ಉಸಿರು ತಡವಾಗಿ. ಅಷ್ಟರಲ್ಲಿ ಬಂದೂಕಿನವನು ಮುಂದೆ ಹೋಗಿರುತ್ತಾನೆ, ಅವನಿದ್ದಲ್ಲಿ ಯಾರೋ ತಾಯಿ-ಮಗು. ಹೆಣದ ಸುತ್ತ ಜನ ಸೇರಿ ಅಳುತ್ತಾರೆ. ಅತ್ತವರು ಎದ್ದಾಗ ಅವರ ಕೈಯಲ್ಲೂ ಬಂದೂಕು. ಸ್ಕೋರ್ ಇಲ್ಲ, ಗೆಲುವಿಲ್ಲ, ಸೋಲಿಲ್ಲ, ಕೊನೆಯೂ ಇಲ್ಲ. ಹೊಡೆಯದೆ ಕೂರಬಹುದು, ಆಗ ಊರು ತನ್ನ ಪಾಡಿಗೆ ಇರುತ್ತದೆ, ಬಂದೂಕಿನವರೂ ಇರುತ್ತಾರೆ.

ಅದು ಹಳೆಯ ಬ್ರೌಸರ್ ಪ್ಲಗಿನ್ ಕಾಲದ್ದು. ಇಂದು ಹುಡುಕಿ ಓಡಿಸುವುದಕ್ಕಿಂತ ಅದೇ ಬಗೆಯದನ್ನು ನಾವೇ ಕಟ್ಟುವುದು ಸುಲಭ. ಬ್ಲಾಕ್ ಜೋಡಿಸಿ ಗೇಮ್ ಕಟ್ಟುವ ಉಚಿತ ತಂತ್ರಾಂಶ ಸ್ಕ್ರ್ಯಾಚ್‌ನಲ್ಲಿ ಏಕಕಾಲಕ್ಕೆ 300 ಕ್ಲೋನ್‌ಗಳಿಗೆ, ಅಂದರೆ ಪಾತ್ರದ ನಕಲುಗಳಿಗೆ, ಅವಕಾಶವಿದೆ, ನಮಗೆ ನಲವತ್ತೂ ಬೇಡ. ಮೂವತ್ತು ಊರವರು, ಆರು ಬಂದೂಕಿನವರು ಇರಲಿ. ಕ್ಲಿಕ್ಕಿಗೂ ಸ್ಫೋಟಕ್ಕೂ ನಡುವೆ ಸುಮಾರು 1.2 ಸೆಕೆಂಡು. ಸ್ಫೋಟದ ಅಗಲ ಮೂರು ಆಳು ಅಕ್ಕಪಕ್ಕ ನಿಂತಷ್ಟು. ಹತ್ತಿರದಲ್ಲಿದ್ದವರು ಬಂದು ನಾಲ್ಕು ಸೆಕೆಂಡು ನಿಲ್ಲಬೇಕು, ಅಳಬೇಕು, ಆಮೇಲೆ ಅವರಲ್ಲಿ ಇಂತಿಷ್ಟು ಜನ ಬದಲಾಗಬೇಕು. ಇಂತಿಷ್ಟು ಎಂದರೆ ಎಷ್ಟು? ಇಡೀ ಆಟ ನಿಂತಿರುವುದು ಈ ಸಂಖ್ಯೆಯ ಮೇಲೆ.

ಒಂದು ಕ್ಷಿಪಣಿಗೆ ಸರಾಸರಿ ಒಬ್ಬ ಬಂದೂಕಿನವ, ಇಬ್ಬರು ಊರವರು ಸಾಯುತ್ತಾರೆ ಎಂದಿಟ್ಟುಕೊಳ್ಳಿ. ಒಬ್ಬೊಬ್ಬ ಊರವನ ಹೆಣದ ಬಳಿ ಅಳಲು ಇಬ್ಬಿಬ್ಬರು, ಒಟ್ಟು ನಾಲ್ವರು. ಮೂವರಿಗೆ ಒಬ್ಬರಂತೆ ಬಂದೂಕು ಎತ್ತಿದರೆ ಹೊಸಬರು 1.33, ಸತ್ತವನು 1. ಮೂರು ಕ್ಷಿಪಣಿಗೆ ಒಬ್ಬ ಹೆಚ್ಚಾದ. ನಾಲ್ವರಿಗೆ ಒಬ್ಬರಾದರೆ ಸರಿಸಮ. ಐವರಿಗೆ ಒಬ್ಬರಾದರೆ ಹೊಸಬರು 0.8, ಐದು ಕ್ಷಿಪಣಿಗೆ ಒಬ್ಬ ಕಡಿಮೆ, ಅಂದರೆ ಬಾಂಬು ಹಾಕುವುದೇ ಜಾಣತನ! ಮೂರು, ನಾಲ್ಕು, ಐದು. ಒಂದು ಅಂಕಿ ಬದಲಾದರೆ ಆಟದ ರಾಜಕೀಯವೇ ತಿರುಗುಮುರುಗು. ಆದ್ದರಿಂದ ಈ ಆಟ ಏನನ್ನೂ ಸಾಬೀತು ಮಾಡುವುದಿಲ್ಲ, ಫ್ರಾಸ್ಕಾ ಅವರದ್ದೂ ಮಾಡಲಿಲ್ಲ. ಒಂದು ವಾದವನ್ನು ಕೈಯಲ್ಲಿ ಆಡಿಸಿ ನೋಡಲು ಕೊಡುತ್ತದೆ. ತರಗತಿಯಲ್ಲಿ ಈ ಅಂಕಿಯನ್ನು ಬಚ್ಚಿಡದೆ ವಿದ್ಯಾರ್ಥಿಗಳ ಕೈಗೇ ಕೊಡಬೇಕು ಎಂದು ನಾವು ಹೇಳುವುದು ಇದಕ್ಕೇ.

ಕೆಡುವುದು ಎಲ್ಲೆಲ್ಲಿ ಎಂದರೆ, ಸ್ಫೋಟದ ಅಗಲ ಕಿರಿದಾದರೆ ಕೈಚಳಕವಿರುವವನು ಊರವರನ್ನು ತಪ್ಪಿಸಿ ಹೊಡೆಯುತ್ತಾನೆ. ಆಗ ಆಟ ಕಲಿಸುವುದು ‘ಗುರಿ ಚೆನ್ನಾಗಿದ್ದರೆ ಯುದ್ಧ ಶುದ್ಧ’ ಎಂಬ ಪಾಠ. ತಡ ಇಲ್ಲದಿದ್ದರೂ ಅದೇ ಗತಿ. ಅಂಚಿನಿಂದ ಹೊಸ ಊರವರು ಬರುತ್ತಲೇ ಇರಬೇಕು, ಇಲ್ಲದಿದ್ದರೆ ಮೇಲಿನ ಮೂವರಿಗೆ ಒಬ್ಬರ ಲೆಕ್ಕದಂತೆ ಒಂಬತ್ತು ಹೊಡೆತಕ್ಕೆ ಊರವರೆಲ್ಲ ಖಾಲಿಯಾಗಿ, ಆಡುವವನು ಗೆದ್ದೆ ಅಂದುಕೊಳ್ಳುತ್ತಾನೆ. ಮೂಲೆಯಲ್ಲಿ ‘ಸತ್ತ ನಾಗರಿಕರು: 14’ ಎಂದು ಬರೆಯುವ ಆಸೆ ಎಲ್ಲರಿಗೂ ಬರುತ್ತದೆ. ಬರೆಯಬೇಡಿ. ಮೂಲೆಯ ಸಂಖ್ಯೆ ಯಾವುದಾದರೂ ಸರಿ, ಎರಡು ನಿಮಿಷದಲ್ಲಿ ಅದು ದಾಖಲೆ ಮುರಿಯುವ ಪಂದ್ಯವಾಗುತ್ತದೆ. ಅಳುವ ಸದ್ದು ಕಡಿಮೆಯೆಂದರೆ ಐದಾರು ಬಗೆಯದಿರಲಿ. ಒಂದೇ ರೆಕಾರ್ಡಿಂಗ್ ಎಂಟನೇ ಸಲ ಕೇಳಿದಾಗ ನಗು ಬರುತ್ತದೆ, ನಕ್ಕ ಮೇಲೆ ಆ ತರಗತಿ ಮುಗಿದಂತೆ.

ದೊಡ್ಡ ಬಜೆಟ್ಟಿನ ಆಟಗಳೂ ಕಿರ್ದಿಯಲ್ಲೇ ಎಡವುತ್ತವೆ. 2007ರ ‘ಬಯೋಶಾಕ್’ನಲ್ಲಿ ಪುಟ್ಟ ಹುಡುಗಿಯೊಬ್ಬಳನ್ನು ಬಲಿಕೊಟ್ಟರೆ ‘ಆಡಮ್’ ಎಂಬ ಶಕ್ತಿದ್ರವ್ಯ 160, ಬದುಕಿಸಿದರೆ 80. ಬದುಕಿಸುವುದು ನಿಜಕ್ಕೂ ತ್ಯಾಗ ಎನಿಸುವ ಲೆಕ್ಕ. ಆದರೆ ಮೂವರನ್ನು ಬದುಕಿಸಿದಾಗಲೆಲ್ಲ ಉಡುಗೊರೆಯಾಗಿ 200 ಬರುತ್ತದೆ. ಮೂವರನ್ನು ಕೊಂದರೆ 480, ಉಳಿಸಿದರೆ 440, ಜೊತೆಗೆ ಬೇರೆಲ್ಲೂ ಸಿಗದ ಸಾಮಾನು. ನಲವತ್ತರ ಖೋತಾಕ್ಕೆ ಯಾರ ಮನಸ್ಸು ಕಲಕೀತು? ಒಳ್ಳೆಯತನಕ್ಕೆ ಸಂಬಳ ಕೊಟ್ಟ ಮೇಲೆ ಅದು ಒಳ್ಳೆಯ ನೌಕರಿ.

‘ಸ್ಪೆಕ್ ಆಪ್ಸ್: ದಿ ಲೈನ್’ನ ಕಥೆ ಇನ್ನೊಂದು ತೆರ. ಬರ್ಲಿನ್‌ನ ಯಾಗರ್ ಸಂಸ್ಥೆಯ ಆಟ, 2012ರದ್ದು. ಮರಳಿನಲ್ಲಿ ಹೂತುಹೋದ ದುಬೈ, ಕ್ಯಾಪ್ಟನ್ ವಾಕರ್ ಎಂಬ ಅಮೆರಿಕದ ಸೈನಿಕ. ನಡುವೆ ಒಂದು ಕಡೆ ಮಾರ್ಟರ್‌ನಿಂದ ಬಿಳಿ ರಂಜಕ ಸುರಿಯಬೇಕು. ಮೇಲಿನ ಕ್ಯಾಮೆರಾದಿಂದ ಕಾಣುವ ಬೂದು ಪರದೆಯಲ್ಲಿ ಜನ ಬಿಳಿ ಚುಕ್ಕೆಗಳು ಮಾತ್ರ, ಗಾಜಿನ ಮೇಲೆ ವಾಕರ್‌ನ ಮುಖದ ಪ್ರತಿಬಿಂಬ. ಆಮೇಲೆ ಅದೇ ಜಾಗದಲ್ಲಿ ನಿಧಾನವಾಗಿ ನಡೆಸಿಕೊಂಡು ಹೋಗಿ, ಸುಟ್ಟವರಲ್ಲಿ ನಾಗರಿಕರೂ ಇದ್ದರೆಂದು ತೋರಿಸುತ್ತದೆ. ಮುಂದೆ ಲೋಡಿಂಗ್ ಪರದೆಗಳೇ ಚುಚ್ಚತೊಡಗುತ್ತವೆ: ಈಗ ಹೀರೋ ಅನಿಸುತ್ತಿದೆಯೇ? ಬಹಳ ಜನರನ್ನು ಅಲ್ಲಾಡಿಸಿದ ದೃಶ್ಯ ಇದು. ಬಹಳ ಜನರಿಗೆ ಸಿಟ್ಟೂ ತರಿಸಿತು, ಆ ಸಿಟ್ಟು ನ್ಯಾಯವಾದದ್ದೇ. ಬಂದೂಕಿನಿಂದಲೇ ದಾಟುತ್ತೇನೆ ಎಂದರೆ ಎದುರಾಳಿಗಳು ಮುಗಿಯುವುದೇ ಇಲ್ಲ, ಮಾರ್ಟರ್ ಹೊಡೆಯದೆ ಆಟ ಮುಂದೆ ಸಾಗದು. ಒಂದೇ ಬಾಗಿಲಿನ ಕೋಣೆಗೆ ತಳ್ಳಿ, ಇಲ್ಲಿಗೇಕೆ ಬಂದೆ ಎಂದು ಕೇಳಿದರೆ ‘ನೀನೇ ತಳ್ಳಿದೆಯಲ್ಲ’ ಎಂಬ ಉತ್ತರ ಸಿದ್ಧವಿರುತ್ತದೆ. 2024ರ ಜನವರಿಯಲ್ಲಿ ಪರವಾನಗಿಗಳ ಅವಧಿ ಮುಗಿದು ಆ ಆಟವನ್ನು ಆನ್‌ಲೈನ್ ಅಂಗಡಿಗಳಿಂದ ತೆಗೆದರು, ಹೊಸದಾಗಿ ಕೊಳ್ಳಲು ಸಿಗುವುದಿಲ್ಲ.

ಎರಡನೇ ಬಾಗಿಲು ಇಟ್ಟು ತೋರಿಸಿದ್ದು 2015ರ ‘ಅಂಡರ್‌ಟೇಲ್’, ಬಹುಪಾಲು ಟೋಬಿ ಫಾಕ್ಸ್ ಎಂಬ ಒಬ್ಬರದೇ ಕೈಕೆಲಸ. ಪ್ರತಿ ಜಗಳದಲ್ಲೂ ಹೊಡೆಯುವ ಬಟನ್ನಿನ ಪಕ್ಕದಲ್ಲೇ ಮಾತಾಡಿಸುವ ಬಟನ್, ಬಿಟ್ಟುಬಿಡುವ ಬಟನ್. ಯಾರನ್ನೂ ಕೊಲ್ಲದೆ ಇಡೀ ಆಟ ಮುಗಿಸಬಹುದು. ಎಲ್ಲರನ್ನೂ ಕೊಲ್ಲಬೇಕೆಂದರೆ ಅದು ಹರಸಾಹಸ: ಮೊದಲ ಪ್ರದೇಶದಲ್ಲಿ 20, ಆಮೇಲೆ 16, ಆಮೇಲೆ 18, ಕೊನೆಗೆ 40 ಎಂದು ಲೆಕ್ಕ ಹಿಡಿದು, ಖಾಲಿ ಓಣಿಗಳಲ್ಲಿ ಸುತ್ತಿ ಹುಡುಕಿ ಕೊಲ್ಲಬೇಕು. ಕಡೆಕಡೆಗೆ ಜಗಳದ ಪರದೆ ತೆರೆದರೆ ‘ಆದರೆ ಯಾರೂ ಬರಲಿಲ್ಲ’ ಎಂಬ ಒಂದೇ ಸಾಲು. ಎಲ್ಲ ಆಟಗಳಲ್ಲೂ ಅನುಭವದ ಅಂಕ ಎಂದೇ ನಾವು ಓದುವ ‘ಎಕ್ಸ್‌ಪಿ’ ಇಲ್ಲಿ ‘ಹತ್ಯೆಯ ಅಂಕ’ವಾಗಿತ್ತು ಎಂದು ಗೊತ್ತಾಗುವುದು ಆಟ ಮುಗಿಯುವ ಹೊತ್ತಿಗೆ. ಬಿಜಿಎಂಐ ಹೆಸರು ಬದಲಿಸಿ ಮುಚ್ಚಿದ್ದನ್ನು ಈ ಆಟ ಹೆಸರು ಬಿಡಿಸಿ ತೆರೆಯಿತು. ಜೊತೆಗೆ, ಒಬ್ಬರನ್ನು ಕೊಂದು ಮನಸ್ಸು ಕೇಳದೆ ಹಳೆಯ ಸೇವ್‌ಗೆ ಮರಳಿ ಉಳಿಸಿಕೊಂಡರೆ, ನೀನು ಮೊದಲು ಏನು ಮಾಡಿದ್ದೆ ಎಂಬುದು ಗೊತ್ತು ಎಂದು ಒಂದು ಪಾತ್ರ ನಗುತ್ತದೆ. ರೀಲೋಡ್ ಮಾಡಿದ್ದನ್ನೂ ಆಟ ನೆನಪಿಟ್ಟಿರುತ್ತದೆ. ಬರೆಯಲು ಇದು ಕಷ್ಟವಲ್ಲ. ಸೇವ್ ಫೈಲಿನಿಂದ ಹೊರಗೆ ಇನ್ನೊಂದು ಪುಟ್ಟ ಫೈಲ್, ಅದರಲ್ಲಿ ಅಳಿಸದ ಎರಡು ಸಾಲು.

ಇನ್ನೂ ಸುಲಭದ ಉಪಾಯ 2004ರ ‘ಮೆಟಲ್ ಗೇರ್ ಸಾಲಿಡ್ 3’ರಲ್ಲಿದೆ. ನದಿಯೊಂದರಲ್ಲಿ ನೀವು ಮುಂದಕ್ಕೆ ನಡೆಯಬೇಕು, ಅಲ್ಲಿಯವರೆಗೆ ನೀವು ಕೊಂದವರೆಲ್ಲ ಸಾಲಾಗಿ ಎದುರು ಬರುತ್ತಾರೆ. ಕೊಂದವರು ಕಡಿಮೆಯಾದರೆ ನದಿ ಬಹುಪಾಲು ಖಾಲಿ, ನೂರಾದರೆ ನೂರು. ಸತ್ತವರ ಪಟ್ಟಿ ಎಲ್ಲ ಗೇಮ್ ಎಂಜಿನ್‌ಗಳಲ್ಲೂ (ಗೇಮ್ ಕಟ್ಟುವ ತಂತ್ರಾಂಶಗಳಲ್ಲೂ) ಇಟ್ಟುಕೊಳ್ಳಬಹುದು, ಸಾಮಾನ್ಯವಾಗಿ ನಾವು ಮೆಮೊರಿ ಉಳಿಸಲು ಹೆಣವನ್ನು ಹತ್ತು ಸೆಕೆಂಡಿಗೆ ಅಳಿಸಿಬಿಡುತ್ತೇವೆ. ಹೆಣ ಅಳಿಸಿ, ಪಟ್ಟಿಯ ಸಾಲನ್ನು ಉಳಿಸಿ.

ಕನ್ನಡದಲ್ಲಿ ಕಟ್ಟುವವರಿಗೆ ಒಂದೆರಡು ಮಾತು. 2020ರ ‘ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2’ರಲ್ಲಿ ಕಾವಲುಗಾರರು ಒಬ್ಬರನ್ನೊಬ್ಬರು ಹೆಸರು ಹಿಡಿದು ಕೂಗುತ್ತಾರೆ. ಒಬ್ಬ ಸತ್ತರೆ ಉಳಿದವನು ಆ ಹೆಸರನ್ನೇ ಚೀರುತ್ತಾನೆ. ಕನ್ನಡಕ್ಕೆ ಇದು ಹೇಳಿ ಮಾಡಿಸಿದ ಉಪಾಯ, ಏಕೆಂದರೆ ನಾವು ಹೆಸರನ್ನು ಬರೀ ಹೆಸರಾಗಿ ಕರೆಯುವುದೇ ಕಡಿಮೆ. ‘ಅಲ್ಲಿ ಶತ್ರು ಅಡಗಿದ್ದಾನೆ, ಸುತ್ತುವರಿಯಿರಿ’ ಎಂದು ಬರೆದರೆ ಅದು ಡಬ್ಬಿಂಗ್ ಸೀರಿಯಲ್ಲು. ಕತ್ತಲಲ್ಲಿ ಒಬ್ಬ ಕಾವಲುಗಾರ ‘ರಾಜಣ್ಣಾ, ಬೀಡಿ ಐತೇನಣ್ಣಾ?’ ಎನ್ನಲಿ. ನೀವು ಗುಂಡು ಹಾರಿಸಿದ ಮೇಲೆ ಎರಡು ಸೆಕೆಂಡು ಬಿಟ್ಟು ‘ರಾಜಣ್ಣಾ?’ ಎನ್ನಲಿ. ಇನ್ನೂ ಮೂರು ಸೆಕೆಂಡು ಬಿಟ್ಟು, ದನಿ ತಗ್ಗಿಸಿ, ‘ಅಣ್ಣಾ...’ ಸಾಕು. ಹತ್ತು ಕಾವಲುಗಾರರಿದ್ದರೆ ಹತ್ತು ಹೆಸರು, ಯಾರು ಯಾರಿಗೆ ಅಣ್ಣ, ಯಾರು ಯಾರಿಗೆ ಮಾವ ಎಂಬ ಪುಟ್ಟ ಕೋಷ್ಟಕ. ಕೂಗುವ ಮುಂಚೆ ಎರಡು ತಪಾಸಣೆ ಇರಲೇಬೇಕು: ಕೂಗುವವನು ತನ್ನನ್ನೇ ಕೂಗುತ್ತಿಲ್ಲ ತಾನೆ, ಹತ್ತು ನಿಮಿಷದ ಹಿಂದೆ ಸತ್ತವನಿಗೆ ಈಗ ಬೀಡಿ ಕೇಳುತ್ತಿಲ್ಲ ತಾನೆ. ಈ ಎರಡನೆಯದನ್ನು ಮರೆತ ಆಟದಲ್ಲಿ ದುಃಖವೆಲ್ಲ ಪ್ರಹಸನವಾಗುತ್ತದೆ. ಇನ್ನು ದಯವಿಟ್ಟು ಕೆಟ್ಟವರಿಗೆಲ್ಲ ಒಂದೇ ಸೀಮೆಯ ಕನ್ನಡ ಕೊಡಬೇಡಿ. ಸಿನಿಮಾದವರು ಆ ತಪ್ಪನ್ನು ಬೇಕಾದಷ್ಟು ಮಾಡಿದ್ದಾರೆ.

ಅಕ್ಷರದ ವಿಷಯ. ಯೂನಿಟಿ ಎಂಬ ಎಂಜಿನ್ನಿನಲ್ಲಿ ಪರದೆಯ ಮೇಲೆ ಅಕ್ಷರ ಮೂಡಿಸಲು ಹೆಚ್ಚಿನವರು ಬಳಸುವ ಟೆಕ್ಸ್ಟ್‌ಮೆಶ್ ಪ್ರೋ ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುವುದಿಲ್ಲ. ಸಾಯುವವನ ಬಾಯಲ್ಲಿ ‘ಬಿಟ್ಬಿಡಣ್ಣ’ ಎಂಬುದು ಒಡೆದು ಚೂರಾಗಿ ಕಂಡರೆ ಯಾರಿಗೂ ಕರುಳು ಚುರುಕ್ ಎನ್ನುವುದಿಲ್ಲ. ಗೊಡಾಟ್ ಎಂಬ ಇನ್ನೊಂದು ಎಂಜಿನ್ನಿನಲ್ಲಿ 4ನೇ ಆವೃತ್ತಿಯಿಂದೀಚೆಗೆ ಈ ಜೋಡಣೆ ಒಳಗೇ ಇದೆ. ಮೊದಲ ದಿನವೇ ‘ಸ್ತ್ರೀ’, ‘ರಾಷ್ಟ್ರ’, ‘ಕಾರ್ಯ’ ಮೂರನ್ನು ಬರೆದು ನೋಡಿ ಎಂಜಿನ್ ತೀರ್ಮಾನಿಸಿ.

ಈಗ ಇಲಾಖೆಗೆ ನಮ್ಮ ಬೇಡಿಕೆ. ಎವಿಜಿಸಿಗೆಂದೇ 2012ರಲ್ಲಿ ನೀತಿ ತಂದ ಮೊದಲ ರಾಜ್ಯ ನಮ್ಮದು, ಈಗ 2024-29ರ ನೀತಿ ಜಾರಿಯಲ್ಲಿದೆ. ಹಣ ಕಟ್ಟಿ ಆಡುವ ಆಟಗಳ ತಂಟೆಯನ್ನು 2025ರ ಕೇಂದ್ರ ಕಾಯ್ದೆ ನೋಡಿಕೊಳ್ಳುತ್ತದೆ, ಅದು ಬೇರೆ ಮಾತು. ನೆರವು ಕೋರಿ ಬರುವ ಗೇಮ್‌ಗಳನ್ನು ಟ್ರೇಲರ್ ನೋಡಿ ಅಳೆಯಬೇಡಿ, ಟ್ರೇಲರ್‌ನಲ್ಲಿ ಕಾಣುವುದು ರಕ್ತದ ಬಣ್ಣ ಮಾತ್ರ. ಅರ್ಜಿಯೊಂದಿಗೆ ಒಂದು ಪುಟದ ನಿಯಮಪತ್ರ ಕೇಳಿ. ಅಂಕ ಯಾವುದಕ್ಕೆ ಬರುತ್ತದೆ? ಆಡುವವನು ಮೊದಲ ಹತ್ತು ನಿಮಿಷ ಯಾರನ್ನೂ ನೋಯಿಸದಿದ್ದರೆ ಆಟ ಮುಂದೆ ಹೋಗುತ್ತದೆಯೇ, ನಿಂತುಬಿಡುತ್ತದೆಯೇ? ಸತ್ತವರ ಯಾವ ವಿವರ ಉಳಿಯುತ್ತದೆ, ಅದು ಮುಂದೆ ಎಲ್ಲಿ ಕಾಣುತ್ತದೆ? ಸೇವ್ ಮಾಡುವ ಅಧಿಕಾರ ಯಾರ ಕೈಯಲ್ಲಿದೆ? ಆಮೇಲೆ ಆಯ್ಕೆ ಸಮಿತಿಯ ಇಬ್ಬರಾದರೂ ಕನಿಷ್ಠ ಎರಡು ಗಂಟೆ ಕೂತು ಆಡಲಿ, ಒಬ್ಬರು ಹೊಡೆಯುತ್ತಾ, ಇನ್ನೊಬ್ಬರು ಹೊಡೆಯದೆ. ಇಬ್ಬರ ಟಿಪ್ಪಣಿ ಒಂದೇ ಥರ ಇದ್ದರೆ ಆ ಆಟಕ್ಕೆ ಹಿಂಸೆಯ ಬಗ್ಗೆ ಅಭಿಪ್ರಾಯವೇ ಇಲ್ಲ ಎಂದಾಯಿತು. ಅದು ತಪ್ಪೇನಲ್ಲ, ಹಾಗೆಂದು ಗೊತ್ತಿದ್ದರೆ ಒಳ್ಳೆಯದು.

ಪಿಯು ತರಗತಿಗಳಿಗೆ ‘ದಿಸ್ ವಾರ್ ಆಫ್ ಮೈನ್’ ಬೇಡ, ಅದರಲ್ಲಿ ಖಿನ್ನತೆ, ಆತ್ಮಹತ್ಯೆ ಎಲ್ಲವೂ ಇವೆ, ಪೋಲೆಂಡ್ ಕೂಡ 18ರ ಗೆರೆ ಎಳೆದಿದೆ. ಅಲ್ಲಿ ಮೂರು ಪಿರಿಯಡ್ ಸಾಕು. ಮೊದಲನೆಯದರಲ್ಲಿ ಹುಲಿ-ಕುರಿ, ಅರ್ಧ ಹೊತ್ತಿಗೆ ಕಡೆ ಬದಲಿಸಿ. ಎರಡನೆಯದರಲ್ಲಿ ಕ್ಷಿಪಣಿಯ ಆಟ, ಒಬ್ಬೊಬ್ಬರೇ. ಸ್ನೇಹಿತರು ಬೆನ್ನ ಹಿಂದೆ ನಿಂತರೆ ಹುಡುಗರು ಆಡುವುದು ಪರದೆಗಲ್ಲ, ಬೆನ್ನ ಹಿಂದಿನವರಿಗೆ. ‘ನಿನಗೆ ಬೇಜಾರಾಯಿತೇ’ ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ, ಕೇಳಬೇಡಿ. ಮೊದಲ ಕ್ಲಿಕ್ಕಿಗೆ ಎಷ್ಟು ಸೆಕೆಂಡು ಹಿಡಿಯಿತು ಎಂದು ಆಟವೇ ಬರೆದಿಡಲಿ, ಎರಡನೇ ಸಲ ಆಡಿಸಿ ಅದನ್ನೇ ಹೋಲಿಸಿ. ಮೂರನೇ ಪಿರಿಯಡ್‌ನಲ್ಲಿ ಆ ಮೂರು-ನಾಲ್ಕು-ಐದರ ಅಂಕಿಯನ್ನು ಅವರೇ ಬದಲಿಸಿ ನೋಡಲಿ, ಯಾವುದು ನಿಜಕ್ಕೆ ಹತ್ತಿರ ಎಂದು ಜಗಳವಾಡಲಿ.

ಪದವಿ ತರಗತಿಯಲ್ಲಿ ‘ದಿಸ್ ವಾರ್ ಆಫ್ ಮೈನ್’ ಆಡಿಸಬಹುದು, ಮೂವರಿಗೊಂದು ಕಂಪ್ಯೂಟರ್. ಒಬ್ಬರ ಕೈಯಲ್ಲಿ ಮೌಸ್, ಇನ್ನೊಬ್ಬರ ಕೈಯಲ್ಲಿ ಕಿರ್ದಿ ಪುಸ್ತಕ: ಇಂದು ಯಾರಿಂದ ಏನು ತಂದೆವು, ಯಾರಿಗೆ ಏನು ಕೊಟ್ಟೆವು. ಮೂರನೆಯವರು ಒಪ್ಪದಿದ್ದರೆ ಮೌಸ್ ನಿಲ್ಲಬೇಕು. ಆಟದ ಒಂದು ದಿನ ಮುಗಿದಾಗ ಜಾಗ ಬದಲು. ತರಗತಿ ನಿಲ್ಲಿಸುವುದೂ ಆಗಲೇ, ನಡುವೆ ಬಿಟ್ಟೆದ್ದರೆ ಆ ದಿನ ಉಳಿಯುವುದಿಲ್ಲ. ಬೇಡವೆನಿಸಿದವರಿಗೆ ಎದ್ದುಹೋಗಲು ಅವಕಾಶವಿರಲಿ. ಅಧ್ಯಾಪಕರು ಒಮ್ಮೆ ತಾವೇ ಪೂರ್ತಿ ಆಡಿರಬೇಕು, ಇದರಲ್ಲಿ ರಿಯಾಯಿತಿ ಇಲ್ಲ.

ಆಂತರಿಕ ಅಂಕಗಳನ್ನು ಮಾತ್ರ ಇದಕ್ಕೆ ಜೋಡಿಸಬೇಡಿ. ‘ಯಾರನ್ನೂ ಕೊಲ್ಲದೆ ಮುಗಿಸಿದವರಿಗೆ ಹತ್ತು ಅಂಕ’ ಎಂದಿರೋ, ಆ ಹತ್ತಕ್ಕಾಗಿ ಯಾವ ಮುದುಕನನ್ನು ಬಿಡಬೇಕು, ಯಾರನ್ನು ದೋಚಬಹುದು ಎಂಬ ಪಟ್ಟಿ ಮರುದಿನವೇ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತದೆ.

ನಿಯಮಪತ್ರದ ಮಾದರಿ, ಕ್ಷಿಪಣಿ ಆಟದ ಸ್ಕ್ರ್ಯಾಚ್ ಮತ್ತು ಗೊಡಾಟ್ ಫೈಲುಗಳು ಇಲಾಖೆಗೆ ಬೇಕಾದರೆ ಕೊಡಲು ನಾವು ಸಿದ್ಧರಿದ್ದೇವೆ, ಶುಲ್ಕವಿಲ್ಲ. ಸಮಿತಿಯವರು ಮೊದಲ ಸಲ ಆಡುವಾಗ ಯಾರೂ ಪಕ್ಕದಲ್ಲಿ ಕೂತು ವಿವರಿಸದಿದ್ದರೆ ಒಳ್ಳೆಯದು.

ಇಂತಿ ತಮ್ಮ ವಿಶ್ವಾಸಿಗಳು,
ಗೇಮ್ ವಿನ್ಯಾಸ ಮಾಡುವ, ಕಲಿಸುವ, ಪರೀಕ್ಷಿಸುವ ಕೆಲವರು